ಹಿತ್ತಲ ಹೊಂಡದ ಕಾವಲು

ಓಣಿಯವರು ಅವನ್ನು ಬಾತುಕೋಳಿ ಎನ್ನುತ್ತಿದ್ದರು. ಮೀರಾಬಿಗೆ ಅದು ಸೇರುತ್ತಿರಲಿಲ್ಲ.

"ಬಾತುಕೋಳಿ ಅಲ್ಲವ್ವಾ, ಹೆಬ್ಬಾತು. ಬಾತುಕೋಳಿ ಕಳ್ಳ ಬಂದ್ರೂ ಬಾಲ ಅಳ್ಳಾಡಸ್ತೈತಿ. ಇವು ಕಾಲಿಗೆ ಕಚ್ತಾವ."

ತುರ್ವಿಹಾಳದ ಅಂಚಿಗಿದ್ದ ಆ ಮನೆಯ ಹಿಂದೆ ಕಾಲುವೆಯ ಬಸಿನೀರು ನಿಂತು ಒಂದು ಹೊಂಡವಾಗಿತ್ತು. ಅದರಲ್ಲಿ ಐದು ಹೆಬ್ಬಾತುಗಳಿದ್ದವು: ಬಿಳಿಯ ಗಂಡು ಒಂದು, ಬೂದುಬಣ್ಣದ ಹೆಣ್ಣು ನಾಲ್ಕು. ಹೊಂಡದ ಸುತ್ತ ಮುಳ್ಳುಬೇಲಿ, ಬೇಲಿಗೊಂದು ತಗಡಿನ ಗೇಟು. ಗೇಟು ದಾಟಿ ಗದ್ದೆಯ ಬದು ಹಿಡಿದರೆ ಕಾಲುವೆ ರಸ್ತೆ, ಅಲ್ಲೇ ಬಸ್ಸು. ಮುಂಬಾಗಿಲಲ್ಲಿ ಮೀರಾಬಿಯ ಗಂಡ ಇಸ್ಮಾಯಿಲ್‌ಸಾಬ್ ಪಂಕ್ಚರ್ ಅಂಗಡಿ ಇಟ್ಟುಕೊಂಡು ದಿನವಿಡೀ ಕೂತಿರುತ್ತಿದ್ದ. ಹಿಂಬಾಗಿಲಿಗೆ ಇವು.

ಗದ್ದೆಯ ಹಾವು ಬರಬಾರದೆಂದು ಗದ್ದೆ ಮಾಡಲು ಬಂದು ಕ್ಯಾಂಪಿನಲ್ಲಿ ನೆಲೆಸಿದ್ದ ತೆಲುಗರಿಂದ ತಂದದ್ದು ಎಂದು ಮೀರಾಬಿ ಹೇಳುತ್ತಿದ್ದಳು. ಆದರೆ ತಂದದ್ದು, ದೊಡ್ಡ ಸೊಸೆ ಒಂದು ಮಧ್ಯಾಹ್ನ ಹಿತ್ತಲಿಂದ ಹೊರಟು ಗುರುಗುಂಟಾದ ತವರು ಸೇರಿ, ಎಷ್ಟು ಹೇಳಿಕಳಿಸಿದರೂ ತಿರುಗಿ ಬಾರದೆ ಉಳಿದ ಮೇಲೆ. ಇದನ್ನು ಸಣ್ಣ ಸೊಸೆ ಮುಸರತ್‌ಗೆ ಯಾರೂ ಹೇಳಿರಲಿಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟ ಹುಡುಗಿ ಅವಳು. ನಾಲ್ಕು ಜನರ ಎದುರು ಬಾಯಿ ಬರುತ್ತಿರಲಿಲ್ಲ. ಕಣ್ಣು, ಕಿವಿ ಮಾತ್ರ ಯಾವಾಗಲೂ ತೆರೆದೇ ಇರುತ್ತಿದ್ದವು. ಒಂದು ಮಾತು ಅಲ್ಲಿ, ಒಂದು ಇಲ್ಲಿ ಕೂಡಿಸಿ ತಾನೇ ತಿಳಿದುಕೊಂಡಿದ್ದಳು.

ಮದುವೆಯಾದ ಹೊಸದರಲ್ಲಿ ಐದನೆಯ ಶುಕ್ರವಾರದ ಜುಮಾಗಿ ಊಟಕ್ಕೆ ಗಂಡನೊಂದಿಗೆ ತವರಿಗೆ ಹೋಗಿ ಬಂದದ್ದೇ ಕೊನೆ. ಆಮೇಲೆ ಗಂಡ ಮುಜಾಹಿದ್ ನೆಲ್ಲು ಕೊಯ್ಯುವ ಮಷಿನ್ ಹತ್ತಿಕೊಂಡು ತೆಲಂಗಾಣದ ಕಡೆ ಹೋದ. ಈಗ ತವರು ಸಂತೆಕಲ್ಲೂರಿನಿಂದ ಸೋದರಮಾವನ ಮಗಳು ನಗ್ಮಾಳ ಫೋನು ಬಂದಿತ್ತು. ಫೋನು ಮೀರಾಬಿಯ ಕೈಯಲ್ಲಿ, ಸ್ಪೀಕರಿನ ಮೇಲೆ.

"ಆಪಾ, ನಾನಿ ಬಚ್ಚಲದಾಗ ಬಿದ್ದಾಳ. ಸೊಂಟ ಮುರದೈತಿ. ನಿನ್ನ ಹೆಸರು ಹೇಳಾಕತ್ತಾಳ, ಒಮ್ಮೆ ಬಂದು ಹೋಗು."

ತಾಯಿಯಿಲ್ಲದ ಮುಸರತ್‌ಳನ್ನು ಸಾಕಿದವಳು ತಾಯಿಯ ತಾಯಿ, ಈ ನಾನಿ ಲಾಲ್‌ಬೀ. ಮುಸರತ್ ಬಾಯಿ ತೆರೆಯುವ ಮೊದಲೇ ಮೀರಾಬಿ, "ಮುಜಾಹಿದ್ ಬರ್ಲಿ ಬೇಟಾ, ಇಬ್ರೂ ಕೂಡೇ ಬರ್ತಾರ" ಎಂದು ಫೋನು ಇಟ್ಟಳು.

ಮುಜಾಹಿದ್‌ನನ್ನು ಕೇಳಿದರೆ, "ಅಮ್ಮೀನ ಕೇಳು" ಎಂದ. ಅಮ್ಮೀಯನ್ನು ಕೇಳಿದರೆ, "ಮುಜಾಹಿದ್‌ನ ಕೇಳು" ಎಂದಳು. ಯಾರೂ ಗದರಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಅಳುವುದಕ್ಕಾದರೂ ಒಂದು ನೆಪ ಸಿಗುತ್ತಿತ್ತು.

ಅಂದಿನಿಂದ ಮುಸರತ್ ಹೆಬ್ಬಾತುಗಳನ್ನು ನೋಡತೊಡಗಿದಳು. ಅವಳು ಗೇಟಿನ ಕಡೆ ಎರಡು ಹೆಜ್ಜೆ ಇಟ್ಟರೆ ಸಾಕು, ಬಿಳಿ ಗಂಡು ಕತ್ತು ಚಾಚಿ ಬುಸ್ಸೆನ್ನುತ್ತಿತ್ತು, ಹಿಂದೆಯೇ ಉಳಿದವು ಗಂಟಲು ಹರಿಯುವಂತೆ ಕೂಗುತ್ತಿದ್ದವು, ಒಳಗಿಂದ "ಯಾರದು?" ಎಂದು ಮೀರಾಬಿ ಬರುತ್ತಿದ್ದಳು. ಮೀರಾಬಿಗೆ ಮಾತ್ರ ಅವು ಕೂಗುತ್ತಿರಲಿಲ್ಲ. ಬರುವ ಮೊದಲೇ ಅವಳು ಗಂಟಲಲ್ಲೇ "ಆ... ಆ... ಆ..." ಎಂದು ಸಣ್ಣಗೆ ಗುನುಗುತ್ತ ಬರುತ್ತಿದ್ದಳು. ಕಾಳಿಗಿಂತ ಆ ದನಿಗೇ ಅವು ಒಲಿದಿದ್ದವು.

ಮುಸರತ್ ಪಾತ್ರೆ ತಿಕ್ಕುವುದನ್ನು ಹೊಂಡದ ದಂಡೆಗೆ ತಂದಳು. ತಳಕ್ಕಂಟಿದ ಅನ್ನ ನೀರಿಗೆ ಬಿಡುತ್ತ, ತಲೆ ಎತ್ತದೆ ಗುನುಗಿದಳು. ಮೊದಮೊದಲು ಹಿಮ್ಮಡಿ ಕಚ್ಚಿಸಿಕೊಂಡಳು. ಮೆಲ್ಲಗೆ ಅವು ಹತ್ತಿರ ಬಂದವು. ಒಂದು ದಿನ ಬಿಳಿ ಗಂಡು ಅವಳ ಓಡನಿಯ ಅಂಚನ್ನು ಕೊಕ್ಕಿನಲ್ಲಿ ಹಿಡಿದು, ಎಳೆಯದೆ, ಹಾಗೇ ಜಗಿಯುತ್ತ ನಿಂತಿತು. ಮುಸರತ್ ಗೇಟು ತೆರೆದು ಬದುವಿಗೆ ಕಾಲಿಟ್ಟು ತಿರುಗಿ ಬಂದಳು. ಒಂದೂ ಕೂಗಲಿಲ್ಲ.

ಹೆಬ್ಬಾತುಗಳು ಸೊಸೆಗೆ ಒಗ್ಗಿದ್ದನ್ನು ಮೀರಾಬಿಯೂ ಗಮನಿಸಿದಳು, ಆದರೆ ಬೇರೆ ಥರ. "ನೋಡ್ರಿ, ಸೊಸಿ ಮನೀಗೆ ಹೊಂದ್ಯಾಳ" ಎಂದು ಗಂಡನಿಗೆ ಹೇಳಿದಳು.

ನಾನಿ ಊಟ ಬಿಟ್ಟಳೆಂದು ನಗ್ಮಾಳ ಫೋನು ಬಂದದ್ದು ಗುರುವಾರ. ಶುಕ್ರವಾರ ಇಸ್ಮಾಯಿಲ್‌ಸಾಬ್ ಮಸೀದಿಗೆ ಹೋದ. ಮೀರಾಬಿ ನಡುಮನೆಯಲ್ಲಿ ನಮಾಜಿಗೆ ನಿಂತಳು. ಮುಸರತ್ ಬುರ್ಖಾವನ್ನು ಚೀಲದೊಳಗೆ ಮಡಚಿಟ್ಟುಕೊಂಡಿದ್ದಳು. ಕರಿಯ ಆಕಾರ ಕಂಡರೆ ಹೆಬ್ಬಾತುಗಳು ಬೆದರುತ್ತವೆಂದು ಅವಳಿಗೆ ಗೊತ್ತಿತ್ತು. ಗುನುಗುತ್ತ ಹೊಂಡ ದಾಟಿದಳು, ಸದ್ದಾಗದಂತೆ ಗೇಟು ಎತ್ತಿ ಸರಿಸಿದಳು. ಚಿಲಕ ಹಾಕಿದರೆ ತಗಡು ಕಿರುಗುಡುವುದೆಂದು ಹಾಗೇ ಬಿಟ್ಟಳು.

ಬದುವಿನ ಅರ್ಧಕ್ಕೆ ಬಂದಾಗ ಹಿಂದೆ ಚಪ್ಪಟೆ ಪಾದಗಳ ಸದ್ದು ಕೇಳಿಸಿತು. ಬಿಳಿ ಗಂಡು ಮುಂದೆ, ನಾಲ್ಕು ಹೆಣ್ಣು ಹಿಂದೆ, ಸಾಲುಗಟ್ಟಿ ಬರುತ್ತಿದ್ದವು.

"ಹೋಗ್ರಿ" ಎಂದು ಕೈ ಬೀಸಿದಳು. ನಿಂತವು. ನಡೆದಳು. ನಡೆದವು. ಓಡಿದರೆ, ತಾಳು ಎಂಬಂತೆ ಕೂಗಲು ಬಾಯಿ ತೆರೆದವು. ಗಾಬರಿಯಿಂದ ಗುನುಗಿ ಸುಮ್ಮನಾಗಿಸಿದಳು. ತಿರುಗಿ ಒಯ್ದು ಬಿಡೋಣವೆಂದರೆ ಅಷ್ಟರಲ್ಲಿ ನಮಾಜು ಮುಗಿಯುತ್ತದೆ. ಕಾಲುವೆ ಮೋರಿಯ ಮರೆಯಲ್ಲಿ, ಗುನುಗುವುದನ್ನು ನಿಲ್ಲಿಸದೆ ಬುರ್ಖಾ ತೊಟ್ಟಳು. ಅವು ಹಿಂದೆ ಸರಿದು, ಕತ್ತು ಓರೆ ಮಾಡಿ ಕೇಳಿ, ಮತ್ತೆ ಹತ್ತಿರ ಬಂದವು.

ಬುರ್ಖಾದೊಳಗೆ ಯಾರೆಂದು ಯಾರೂ ಗುರುತಿಸಲಾರರು ಎಂದುಕೊಂಡಿದ್ದಳು. ಆದರೆ ಇಡೀ ಊರಿಗೆ ಹೆಬ್ಬಾತು ಇದ್ದದ್ದು ಒಂದೇ ಮನೆಯಲ್ಲಿ.

"ಏ ಅಂಬಮ್ಮಾ, ನೋಡಲ್ಲಿ. ಮೀರಾಬಿ ಸೊಸಿ ದಿಬ್ಬಣ ಕಟಿಗೊಂಡು ಬಂದಾಳ" ಎಂದ, ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತಿದ್ದ ಆದಪ್ಪ.

ಕಿರಾಣಿ ಅಂಗಡಿಯ ಅಂಬಮ್ಮ ಹೊರಗೆ ಬಂದಳು. "ಎಲ್ಲಿಗವ್ವಾ ಸವಾರಿ?"

"ಹೆಣ್ಣು ನಾಕಕ್ಕ ಬಸ್ಸು ಫ್ರೀ" ಎಂದ ಆದಪ್ಪ. "ಆ ಬಿಳೇ ಗಂಡಿಗೆ ಟಿಕೀಟು ತಗಸ್ಬೇಕಾಕ್ಕೈತಿ."

ನಿಂತವರೆಲ್ಲ ನಕ್ಕರು. ಮುಸರತ್ ಬಸ್ಸು ಬರುವ ದಿಕ್ಕಿಗೆ ತಿರುಗಿ ನಿಂತಳು. ಸಿಂಧನೂರು ಬಸ್ಸು ಬಂದು ನಿಂತಿತು. ಹತ್ತಲು ಕಂಬಿ ಹಿಡಿದರೆ ಹೆಬ್ಬಾತುಗಳು ಚಕ್ರದ ಮುಂದೆಯೇ ನುಗ್ಗಿದವು. ಡ್ರೈವರ್ ಹಾರ್ನ್ ಒತ್ತಿದ. ಅವು ಅದಕ್ಕಿಂತ ಜೋರಾಗಿ ಕೂಗಿದವು.

ಆಗ ಮೀರಾಬಿ ಬಂದಳು. ತಲೆಯ ಸೆರಗು ಜಾರಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ನಮಾಜು ಮುಗಿಸಿ ಹೊರಬಂದಾಗ ಹಿತ್ತಲು ಸುಮ್ಮನಿದ್ದದ್ದೇ ಅವಳನ್ನು ಓಡಿಸಿಕೊಂಡು ಬಂದಿತ್ತು.

"ಏನಕ್ಕಾ, ಸೊಸೀನ ತವರಿಗೆ ಕಳಸಾಕತ್ತೀಯೇನು?" ಎಂದು ಅಂಬಮ್ಮ ಕೇಳಿದಳು. ಕೇಳುವಾಗ ಅವಳ ಕಣ್ಣು ಮೀರಾಬಿಯ ಬರಿಗಾಲಿನ ಮೇಲಿತ್ತು.

ಮೀರಾಬಿ ಉಸಿರು ಎಳೆದುಕೊಂಡಳು. ಸುತ್ತ ನೋಡಿದಳು. ದೊಡ್ಡ ಸೊಸೆಯ ಸುದ್ದಿ ಇವರ ಬಾಯಲ್ಲಿ ಇನ್ನೂ ಹಳೆಯದಾಗಿರಲಿಲ್ಲ.

"ಹೌದವಾ. ಅವರ ನಾನೀಗೆ ಆರಾಮಿಲ್ಲ. ನಾನೇ ಹೋಗಿ ಬಾ ಅಂದೆ."

ಅಷ್ಟು ಹೇಳಿ ಬಾಗಿ, "ಆ... ಆ... ಆ..." ಎಂದು ಹೆಬ್ಬಾತುಗಳನ್ನು ಕರೆದಳು. ಅವು ಕದಲಲಿಲ್ಲ. ಮುಸರತ್‌ಳ ಬುರ್ಖಾದ ಅಂಚಿಗೆ ಒತ್ತಿಕೊಂಡು ನಿಂತವು. ಮೀರಾಬಿ ಮತ್ತೊಮ್ಮೆ ಕರೆದಳು. ಬಿಳಿ ಗಂಡು ಅವಳ ಕಡೆಗೇ ಕತ್ತು ಚಾಚಿ ಬುಸ್ಸೆಂದಿತು.

ಕಟ್ಟೆಯ ಮೇಲಿನ ನಗು ನಿಂತಿತು. ಮೀರಾಬಿ ಸೊಸೆಯ ಹತ್ತಿರ ಬಂದು, ಬೇರೆಯವರಿಗೆ ಕೇಳದಂತೆ, "ಇವನ್ನ ನೀನೇ ಕರ್ಕೊಂಡು ನಡಿ" ಎಂದಳು.

ಬಸ್ಸು ಹೊರಟುಹೋಯಿತು. ಮುಸರತ್ ಬಂದ ದಾರಿಯಲ್ಲೇ ನಡೆದಳು. ಅವಳ ಹಿಂದೆ ಹೆಬ್ಬಾತುಗಳ ಸಾಲು, ಸಾಲಿನ ಹಿಂದೆ ಮೀರಾಬಿ. ಇನ್ನು ಗೇಟಿಗೆ ಕೀಲಿ ಬೀಳುತ್ತದೆ, ನಾನಿಯ ಸುದ್ದಿ ಬರುವುದಾದರೆ ಫೋನಿನಲ್ಲೇ ಬರುತ್ತದೆ ಎಂದು ಮುಸರತ್ ಅಂದುಕೊಂಡಳು. ಹೆಬ್ಬಾತುಗಳು ನೀರಿಗಿಳಿದ ಮೇಲೂ ಬುರ್ಖಾ ತೆಗೆಯದೆ ದಂಡೆಯ ಮೇಲೆಯೇ ನಿಂತಳು.

ಮೀರಾಬಿ ಒಳಗೆ ಹೋದಳು. ಹೊರಬಂದಾಗ ಅವಳೂ ಬುರ್ಖಾ ತೊಟ್ಟಿದ್ದಳು.

"ಊರ ಮುಂದ ಹೇಳೇನಿ, ಕಳಸ್ಲೇಬೇಕು. ನಡಿ, ನಾನೂ ಬರ್ತೀನಿ. ಮುಂಬಾಗಲದಿಂದ ಹೋಗೂಣು."

ಮುಂದಿನ ಬಸ್ಸಿನಲ್ಲಿ ಮುಸರತ್‌ಳನ್ನು ಕಿಟಕಿಯ ಕಡೆ ಕೂಡಿಸಿ, ಮೀರಾಬಿ ದಾರಿಗೆ ಅಡ್ಡವಾಗಿ ಈಚೆ ಕೂತಳು. ಗದ್ದೆಗಳು ಹಿಂದೆ ಸರಿಯತೊಡಗಿದವು. ಸಿಂಧನೂರಿಗೆ ಹೋಗಿ ಮಸ್ಕಿ ಬಸ್ಸು ಹತ್ತಬೇಕು, ಅಲ್ಲಿಂದ ಟಂಟಂ ಆಟೋ. ನಾನಿ ಕಾಣುತ್ತಾಳೆ. ಆದರೆ ನಾನಿಯ ಕಿವಿಯಲ್ಲಿ ಹೇಳಬೇಕೆಂದು ಕೂಡಿಸಿಟ್ಟುಕೊಂಡದ್ದನ್ನು ಇವಳು ಪಕ್ಕದಲ್ಲಿರುವಾಗ ಹೇಳುವುದು ಹೇಗೆ?

ಬಹಳ ಹೊತ್ತಿನ ಮೇಲೆ ಮೀರಾಬಿ, ಮುಂದಿನ ಸೀಟಿನ ಕಂಬಿಯನ್ನೇ ನೋಡುತ್ತ ಕೇಳಿದಳು. "ಖರೆ ಹೇಳು. ನಾ ಬರದಿದ್ರ, ನೀ ತಿರುಗಿ ಬರ್ತಿದ್ದೇನು?"

ಬರ್ತಿದ್ದೆ ಅಮ್ಮೀ ಎನ್ನಬೇಕೆಂದು ಮುಸರತ್ ಬಾಯಿ ತೆರೆದಳು. ಆದರೆ ನಾನಿಯನ್ನು ಕಾಣುವ ತನಕ ಯೋಚಿಸಿದ್ದಳೇ ಹೊರತು ಅದರಾಚೆಗೆ ಯೋಚಿಸಿರಲಿಲ್ಲ. ಕಿಟಕಿಯ ಕಡೆ ತಿರುಗಿದಳು.

ಸಿಂಧನೂರಿನಲ್ಲಿ ಮೀರಾಬಿಯೇ ಮೊದಲು ಇಳಿದಳು. ಬಾಗಿಲ ಕೆಳಗೆ ನಿಂತು ಕೈ ಚಾಚಿದಳು. ಮೆಟ್ಟಿಲು ಎತ್ತರವಿತ್ತು. ಮುಸರತ್ ಆ ಕೈ ಹಿಡಿದು ಇಳಿದಳು. ಮಸ್ಕಿ ಬಸ್ಸು ಸಿಗುವ ತನಕ ಮೀರಾಬಿ ಅದನ್ನು ಬಿಡಲಿಲ್ಲ.