ಐಸಿಗೆ ಹಿಡಿದ ಬೂಷ್ಟು

ಕಲ್ಲು ಮತ್ತೆ ಅರ್ಧ ದಾರಿಯಲ್ಲೇ ನಿಂತುಬಿಟ್ಟಿತು. ಇಬ್ಬರು ಆಟಗಾರರು ಬೆನ್ನು ಮುರಿಯುವಂತೆ ಬಾಗಿ ಅದು ಜಾರಲೆಂದು ಅದರ ಮುಂದಿನ ಐಸಿಗೆ ಪೊರಕೆ ಉಜ್ಜಿದ್ದರು. ಆದರೂ ಇಪ್ಪತ್ತು ಕಿಲೋದ ಆ ಕಲ್ಲು, ಬಣ್ಣದ ವೃತ್ತ ಇನ್ನೂ ಹತ್ತು ಮಾರು ದೂರವಿರುವಾಗಲೇ ಮೊಂಡು ಹೋರಿಯ ಹಾಗೆ ಅಲ್ಲಾಡದೆ ನಿಂತಿತು. ಬೆಂಚುಗಳ ಮೇಲಿದ್ದ ಮುನ್ನೂರು ಜನ ಒಟ್ಟಿಗೆ ಉಸಿರು ಬಿಟ್ಟರು. ಐಸಿನ ಅಂಚಿನ ಹಲಗೆಗೆ ಒರಗಿ ನಿಂತಿದ್ದ ಓರೆಸ್ಟ್‌ಗೆ ಆ ಉಸಿರು ಕೆನ್ನೆಗೆ ಬಾರಿಸಿದಂತಾಯಿತು.

ಐಸು ಅವನದು. ವಿಟ್ಕೋವ್ ಊರಿನಲ್ಲಿ, ಐಸಿನ ಮೇಲೆ ಕಲ್ಲು ಜಾರಿಸಿ ವೃತ್ತಕ್ಕೆ ಕೂರಿಸುವ ಕರ್ಲಿಂಗ್ ಆಟದ ಶೆಡ್ಡಿಗೆ ಇಪ್ಪತ್ತೆಂಟು ಚಳಿಗಾಲಗಳಿಂದ ಐಸು ಹಾಸುತ್ತಿರುವವನು ಅವನೇ. ಇಷ್ಟು ದಿನ ಅದರ ಮೇಲೆ ಆಡಿದವರು ಗೋಧಿ ಬೆಳೆಯುವವರು, ಟ್ರ್ಯಾಕ್ಟರ್ ರಿಪೇರಿಯವರು, ಒಬ್ಬ ಪಾದ್ರಿ. ದೇಶವೆಲ್ಲ ಸುತ್ತಿ ಆಡುವ ವೃತ್ತಿಪರ ಗಂಡಸರ ಟೂರ್ನಿ ಈ ಊರಿಗೆ ಬಂದದ್ದು ಇದೇ ಮೊದಲು. "ನಮ್ಮ ಐಸಿನ ಮುಂದೆ ಪೇಟೆಯವರದ್ದು ಏನೂ ಅಲ್ಲ, ಕರೀರಿ ಅವರನ್ನ" ಎಂದು ಸಮಿತಿಯ ಮೇಜು ಗುದ್ದಿದ್ದವನೂ ಅವನೇ. ಮೂರು ದಿನ ಎಲ್ಲರೂ ಹೊಗಳಿದ್ದರು. ಇವತ್ತು ಫೈನಲ್.

ತೀರ್ಪುಗಾರ ಫ್ರೇಜರ್ ಆಟ ನಿಲ್ಲಿಸಿ ಹತ್ತಿರ ಬಂದ. "ಅರ್ಧ ಗಂಟೆ ಕೊಡ್ತೀನಿ ಓರೆಸ್ಟ್. ಸರಿಹೋಗ್ಲಿಲ್ಲ ಅಂದ್ರೆ ಉಳಿದ ಆಟ ನಾಳೆ ಸಸ್ಕಟೂನ್ ಪೇಟೆಯಲ್ಲಿ."

"ಸಸ್ಕಟೂನ್ ಅಂತ ಇನ್ನೊಂದ್ಸಲ ಅಂದ್ರೆ ನಿಮ್ಮನ್ನೇ ಆಚೆ ಹಾಕ್ತೀನಿ" ಎಂದ ಓರೆಸ್ಟ್, ಐಸಿಗೆ ಇಳಿದು ಮೊಣಕಾಲೂರಿ ಉಗುರಿನಿಂದ ಗೀರಿದ. ಹಳೇ ರೊಟ್ಟಿಗೆ ಬೂಷ್ಟು ಹಿಡಿದಂತೆ ತೆಳ್ಳಗೆ ಬಿಳೀ ಪುಡಿ ಎದ್ದು ಬಂತು. ಬೆಳಿಗ್ಗೆ ಅದು ಇರಲಿಲ್ಲ.

ಕೆಂಪು ತಂಡದ ನಾಯಕ ಕೀಗನ್ ಪೊರಕೆಯ ಮೇಲೆ ಗಲ್ಲವಿಟ್ಟು ನೋಡುತ್ತಿದ್ದ. "ಅಣ್ಣಾ, ನಿನ್ನೆ ಇದು ಗಾಜಿನಂಗಿತ್ತು. ಇವತ್ತು ನಮ್ಮಜ್ಜಿ ಕಂಬಳಿ ಮೇಲೆ ತಳ್ಳಿದಂಗಾಗ್ತಿದೆ."

"ನಿಮ್ಮಜ್ಜಿ ನಿನಗಿಂತ ಚೆನ್ನಾಗೇ ತಳ್ತಿದ್ರು ಬಿಡು."

ಹಾಗೆಂದವನೇ ಓರೆಸ್ಟ್ ಎದ್ದ. ಯಂತ್ರದ ಕೋಣೆಗೆ ಓಡಿದ. ತಂಪು ಸರಿಯಾಗಿತ್ತು. ಗಾಳಿಯ ತೇವ ಹೀರುವ ಯಂತ್ರವೂ ಗುರುಗುಡುತ್ತಿತ್ತು. ಹಾಗಾದರೆ ಈ ತೇವ ಎಲ್ಲಿಂದ? ಸಿಟ್ಟಿಗೆ ಖಾಲಿ ಬಕೆಟ್ಟೊಂದನ್ನು ಒದ್ದು ಹೊರಗೆ ಬಂದವನ ಮೂಗಿಗೆ ಬೆಣ್ಣೆಯಲ್ಲಿ ಹುರಿದ ಈರುಳ್ಳಿಯ ವಾಸನೆ ಬಡಿಯಿತು.

ಐಸಿನ ಪಕ್ಕದಲ್ಲಿ ಈರುಳ್ಳಿ ವಾಸನೆ ಬರಬಾರದು. ವಾಸನೆ ಹಿಡಿದು ನಡೆದ. ಮೂಲೆಯ ಅಡುಗೆಮನೆಯ ಬಾಗಿಲು ಹಾರುಹೊಡೆದಿತ್ತು. ಅದು ಮುಚ್ಚಿಕೊಳ್ಳದಂತೆ ಉಪ್ಪಿನಲ್ಲಿ ಊರಿಟ್ಟ ಸೌತೆಕಾಯಿಯ ದೊಡ್ಡ ಡಬ್ಬ ಅಡ್ಡ ಕೊಟ್ಟಿದ್ದರು. ಒಳಗೆ ನಾಲ್ಕು ಹಂಡೆಗಳಲ್ಲಿ ನೀರು ಕುದಿಯುತ್ತಿತ್ತು, ಆಲೂಗಡ್ಡೆ ತುಂಬಿದ ಪೆರೋಗಿ ಕಡುಬುಗಳು ತೇಲುತ್ತಿದ್ದವು. ಹಬೆ ಬಾಗಿಲಿನಿಂದ ಹೊರಟು ಸೂರು ಹಿಡಿದು ನೇರ ಐಸಿನ ಕಡೆಗೆ ಸಾಗಿತ್ತು. ಹೊಸ್ತಿಲಲ್ಲಿ ಸೌಟು ಹಿಡಿದು, ಕತ್ತು ಉದ್ದ ಮಾಡಿ ನಿಂತಿದ್ದವಳು ಅವನ ಅಕ್ಕ ಪರಸ್ಕಾ. ಅವಳ ಬೆನ್ನಿಗೆ ಚರ್ಚಿನ ಐದಾರು ಹೆಂಗಸರು.

"ಅಕ್ಕಾ! ನನ್ನ ಮಾನ ಬೇಯಿಸ್ತಿದೀಯಲ್ಲೇ! ಈ ಬಾಗ್ಲು ಯಾರು ತೆಗೆದಿದ್ದು?"

"ನಾನೇ. ಏನೀಗ?"

"ಹಬೆಯೆಲ್ಲ ಐಸಿನ ಮೇಲೆ ಕೂತಿದೆ! ಕಲ್ಲು ಹೋಗ್ತಿಲ್ಲ! ಆಡಾಡ್ತಾ ಬೆಳೆದೋಳು, ಇಷ್ಟೂ ಗೊತ್ತಾಗಲ್ವಾ?"

"ಯಾರು ಆಡಿದ್ದು?" ಪರಸ್ಕಾ ಸೌಟು ಎತ್ತಿದಳು. "ನಿಮ್ಮ ಭಾವ ಆಡಿದ್ರು. ನೀನು ಆಡ್ದೆ. ನಾನು ನಲವತ್ತು ವರ್ಷದಿಂದ ಈ ಒಲೆ ಮುಂದೆ ಇದೀನಿ ಕಣೋ. ಒಂದು ಕಲ್ಲು ಹೊರಟು ನಿಲ್ಲೋ ತನಕ ಪೂರ್ತಿ ನೋಡಿಲ್ಲ. ಗೆದ್ರೋ ಸೋತ್ರೋ ಅಂತ ನಿಮ್ಮ ಗಂಟಲು ಕೇಳಿ ತಿಳ್ಕೊಂಡಿದೀನಿ. ಇವತ್ತು ಅಷ್ಟು ದೊಡ್ಡೋರು ಬಂದಿದಾರೆ ಅಂತ ಚೂರು ಬಾಗ್ಲು ತೆಗೆದೆ."

ಹಬೆಗೆ ಓರೆಸ್ಟ್‌ನ ಕನ್ನಡಕ ಮಸುಕಾಗಿತ್ತು. ಅದನ್ನು ತೆಗೆದು ಅಂಗಿಗೆ ಒರೆಸಿಕೊಂಡ.

"ಒಲೆ ಆರ್ಸು."

"ಆರ್ಸಿ? ಮುನ್ನೂರು ಜನಕ್ಕೆ ನಿನ್ನ ತಲೆ ಬಡಿಸ್ಲಾ?"

"ಆಟ ಮುಗಿದ ಮೇಲೆ ತಿಂತಾರೆ. ಒಂದಿನ ಹಸಿದ್ರೆ ಯಾರೂ ಸಾಯಲ್ಲ. ಕೋಟು ಹಾಕ್ಕೊಂಡು ಎಲ್ರೂ ಮುಂದಿನ ಬೆಂಚಿಗೆ ನಡೀರಿ."

"ಅದು ಸಮಿತಿಯವರ ಬೆಂಚಲ್ವೇನೋ?"

"ಸಮಿತಿ ನಿಂತ್ಕೊಳ್ಳುತ್ತೆ."

ಮೈಕು ಹಿಡಿದು ಅವನು ಹೇಳಿದ್ದಿಷ್ಟು: "ಊಟ ಲೇಟು. ತಪ್ಪು ನಂದು. ಬಯ್ಯೋರು ಆಮೇಲೆ ಬಯ್ರಿ." ಹಿಂಬಾಗಿಲು ಪೂರ್ತಿ ತೆರೆದ. ಮೈನಸ್ ಮೂವತ್ತರ ಒಣ ಗಾಳಿ ನುಗ್ಗಿ ಜನ ಟೊಪ್ಪಿಗೆ ಕೆಳಗೆಳೆದುಕೊಂಡು ಶಪಿಸಿದರು. ಅವನು ಯಂತ್ರ ತಳ್ಳಿಕೊಂಡು ಐಸಿನ ಮೇಲ್ಪದರವನ್ನು ಹೆರೆದ. ಆಮೇಲೆ ಬಿಸಿನೀರಿನ ಡಬ್ಬ ಬೆನ್ನಿಗೇರಿಸಿ, ಹಿಂದಕ್ಕೆ ಹೆಜ್ಜೆ ಹಾಕುತ್ತ, ಮಣಿಕಟ್ಟು ಎಡಕ್ಕೆ ಬಲಕ್ಕೆ ಆಡಿಸುತ್ತ ಹನಿ ಚಿಮುಕಿಸಿದ. ಹನಿಗಳು ಬಿದ್ದಲ್ಲೇ ಹೆಪ್ಪುಗಟ್ಟಿ ಕಾಳುಕಾಳಾದವು. ಕಲ್ಲು ಓಡುವುದು ಆ ಕಾಳುಗಳ ಮೇಲೆಯೇ.

ಇಪ್ಪತ್ತೇಳನೆಯ ನಿಮಿಷಕ್ಕೆ ಕೀಗನ್ ಒಂದು ಕಲ್ಲನ್ನು ಸುಮ್ಮನೆ ಬಿಟ್ಟು ನೋಡಿದ. ಅದು ಗುಡುಗುಟ್ಟುತ್ತ ಸಾಗಿ, ಕೊನೆಯಲ್ಲಿ ಸೋಮಾರಿಯಾಗಿ ಎಡಕ್ಕೆ ತಿರುಗಿ ವೃತ್ತದೊಳಗೆ ಕೂತಿತು. ಅವನು ಓರೆಸ್ಟ್ ಕಡೆಗೆ ಪೊರಕೆ ಎತ್ತಿ ತೋರಿಸಿದ. ಫ್ರೇಜರ್ ಕೈಗಡಿಯಾರವನ್ನು ಕೋಟಿನ ತೋಳಿನೊಳಗೆ ಸರಿಸಿಕೊಂಡ.

ಮುಂದಿನ ಬೆಂಚಿನಲ್ಲಿ ಹೆಂಗಸರು ತೊಡೆ ತಾಗಿಸಿ ಕೂತಿದ್ದರು. ಪರಸ್ಕಾಳ ಬಾಯಿ ನಿಲ್ಲಲಿಲ್ಲ. "ಆ ಕೆಂಚುಗೂದ್ಲವನು ಪೊರಕೆ ಹಿಡಿಯೋದು ನೋಡ್ರೇ. ಮನೇಲಿ ಒಂದಿನ ಕಸ ಗುಡಿಸಿದ ಜೀವ ಅಲ್ಲ ಅದು."

"ಮೆಲ್ಲಗೆ ಅಕ್ಕಾ, ಕೇಳಿಸುತ್ತೆ."

"ಕೇಳಿಸ್ಲಿ. ಕಲೀಲಿ."

ಕೆಂಚುಗೂದಲವನು ನಗು ತಡೆಯಲಾರದೆ ತಲೆ ತಗ್ಗಿಸಿದ.

ಎರಡೂ ತಂಡ ಸಮವಾಗಿ ಕೊನೆಯ ಕಲ್ಲು ಉಳಿಯಿತು. ಕೀಗನ್ ಬಗ್ಗಿ, ಜಾರಿ, ಬೆರಳು ಸಡಿಲಿಸಿದ. ಕಲ್ಲು ತೀರಾ ನಿಧಾನವಾಗಿ ಹೊರಟಿತು. ಉಜ್ಜುವವರು ಪೊರಕೆ ಎತ್ತಿ ಹಿಡಿದು, ಮುಟ್ಟದೆ, ಅದರ ಜೊತೆ ನಡೆದರು. ಪರಸ್ಕಾ ಬೆಂಚಿನಿಂದ ಎದ್ದು, ಹಲಗೆಯ ಅಂಚಿಗೆ ಕೈಯಿಟ್ಟು, ಕಲ್ಲಿನ ವೇಗಕ್ಕೆ ಸರಿಯಾಗಿ ತಾನೂ ನಡೆಯತೊಡಗಿದಳು. ನಿಂತಿದ್ದ ಸಮಿತಿಯವರು ಒಬ್ಬೊಬ್ಬರಾಗಿ ಹಿಂದೆ ಸರಿದು ಅವಳಿಗೆ ದಾರಿ ಬಿಟ್ಟರು. ಓರೆಸ್ಟ್ ಆ ಕಲ್ಲನ್ನು ನೋಡಲಿಲ್ಲ, ಅವಳ ದಪ್ಪ ಬೂಟುಗಳನ್ನೇ ನೋಡುತ್ತಿದ್ದ. ಅವು ನಿಧಾನವಾದವು, ಇನ್ನೂ ನಿಧಾನವಾದವು, ಕೊಂಚ ಎಡಕ್ಕೆ ತಿರುಗಿ, ಬಣ್ಣದ ವೃತ್ತದ ನೇರಕ್ಕೆ ನಿಂತವು.