ದಿನಕ್ಕೊಂದು ತಪ್ಪು

ಗಣಿತದ ಮೇಷ್ಟ್ರು ಪ್ರತಿದಿನ ಬೋರ್ಡಿನ ಮೇಲೆ ಬೇಕೆಂದೇ ಒಂದು ತಪ್ಪು ಮಾಡುತ್ತಿದ್ದರು. ಒಂದೇ ಒಂದು. ಯಾವ ತಪ್ಪೆಂದು ಬೆಳಿಗ್ಗೆಯೇ ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳುವುದು, ಅದನ್ನು ಹಿಡಿದ ಮಗುವಿನಿಂದ ಎಲ್ಲರೆದುರು ಬೈಸಿಕೊಳ್ಳುವುದು, ಇದು ಇಪ್ಪತ್ತು ವರ್ಷದ ಪದ್ಧತಿ. "ಏನ್ ಸರ್, ಏಳೆಂಟ್ಲಿ ಐವತ್ನಾಲ್ಕಾ? ನಿದ್ದೆ ಬಂತಾ?" ಎಂದವರಿಗೆ ಒಂದು ಸೀಮೆಸುಣ್ಣ ಬಹುಮಾನ. ಮೇಷ್ಟ್ರನ್ನು ಬೈಯುವ ಸುಖ ಯಾರಿಗೆ ಬೇಡ! ಲೆಕ್ಕವೆಂದರೆ ಮಾರು ದೂರ ಓಡುತ್ತಿದ್ದವರೂ ಮೈಯೆಲ್ಲ ಕಣ್ಣಾಗಿ ಕೂರುತ್ತಿದ್ದರು.

ಈ ವರ್ಷ ಶಿಕ್ಷಕರ ತರಬೇತಿ ಕಾಲೇಜಿನಿಂದ ಸಂಶೋಧಕಿಯೊಬ್ಬಳು ಬಂದು ಹಿಂದಿನ ಬೆಂಚಿನಲ್ಲಿ ಠಿಕಾಣಿ ಹೂಡಿದಳು. ಮಕ್ಕಳು ಹಿಡಿದ ಪ್ರತಿ ತಪ್ಪಿಗೂ ಒಂದು ಗೀಟು, ಪ್ರತಿ ನಗುವಿಗೂ ಒಂದು ಗೀಟು. ನಗುವನ್ನೂ ಎಣಿಸುವ ಓದು ಅದೆಂಥದೋ!

ಎರಡನೇ ತಿಂಗಳಲ್ಲಿ ಒಂದು ದಿನ ಮಕ್ಕಳು ಎರಡು ತಪ್ಪು ಹಿಡಿದರು. ಮೇಷ್ಟ್ರು ಜೇಬಿನ ಚೀಟಿ ತೆಗೆದು ನೋಡಿದರು. ಚೀಟಿಯಲ್ಲಿದ್ದದ್ದು ಒಂದೇ. "ಭಲೇ, ಇವತ್ತು ಎರಡಿಟ್ಟಿದ್ದೆ!" ಎಂದು ಸುಳ್ಳು ಹೇಳಿ ಎರಡು ಸೀಮೆಸುಣ್ಣ ಕೊಟ್ಟರು.

ಆಮೇಲೆ ಮೂರಾಯಿತು, ನಾಲ್ಕಾಯಿತು. ಒಮ್ಮೆಯಂತೂ ಭಾಗಾಕಾರ ಮಾಡುತ್ತಾ ಮುಂದೇನೆಂದು ಹೊಳೆಯದೆ ಹಾಗೇ ನಿಂತುಬಿಟ್ಟರು. ಮೇಷ್ಟ್ರು ನಾಟಕದಲ್ಲೂ ಪಳಗಿದ್ದಾರೆಂದು ಮಕ್ಕಳು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಬೋರ್ಡಿಗೆ ಮುಖ ಮಾಡಿ ನಿಂತಿದ್ದವರ ಕಣ್ಣಲ್ಲಿ ನೀರಿತ್ತು. ಲೆಕ್ಕ ಹೀಗೆ ಕೈಕೊಡುತ್ತಿರುವುದನ್ನು ಹೆಂಡತಿಗೂ ಹೇಳಲಿಲ್ಲ. ಹೇಳಿದರೆ ತರಗತಿ ಬಿಡಬೇಕು. ತರಗತಿ ಬಿಟ್ಟರೆ ತಮ್ಮದು ಎನ್ನುವುದು ಇನ್ನೇನೂ ಉಳಿಯುವುದಿಲ್ಲ.

ವರ್ಷದ ಕೊನೆಗೆ ಸಂಶೋಧಕಿ ಸ್ಟಾಫ್ ರೂಮಿಗೆ ಬಂದು, ಮೇಜಿನ ಮೇಲಿದ್ದ ಉತ್ತರಪತ್ರಿಕೆಗಳನ್ನು ಸರಿಸಿ ತನ್ನ ಗೀಟುಗಳಿಂದ ಬರೆದ ಗ್ರಾಫ್ ನಕ್ಷೆ ಹರಡಿದಳು.

"ನೋಡಿ ಸರ್, ಮೊದಲ ತಿಂಗಳು ದಿನಕ್ಕೊಂದು ತಪ್ಪು. ಈಗ ಏಳು! ನಿಧಾನಕ್ಕೆ ಏರಿಸ್ತಾ ಹೋಗಿದೀರ. ನಗುನೂ ಜೊತೆಗೇ ಏರಿದೆ. ಎಲ್ಲಾ ಸ್ಕೂಲಿಗೂ ಇದು ಬರ್ಬೇಕು ಅಂತ ಬರ್ದಿದೀನಿ. ಇದಕ್ಕೆ ಏನು ಸೂತ್ರ ಇಟ್ಕೊಂಡಿದ್ರಿ?"

ಮೇಷ್ಟ್ರು ಕನ್ನಡಕ ಹಾಕಿಕೊಂಡು ಆ ಗೆರೆಯ ಮೇಲೆ ನಿಧಾನವಾಗಿ ಬೆರಳಾಡಿಸಿದರು. ನಕ್ಷೆ ಓದುವುದು ಇನ್ನೂ ಮರೆತಿರಲಿಲ್ಲ. ಎಲ್ಲಿ ಶುರುವಾಯಿತು, ಎಷ್ಟು ಬೇಗ ಏರಿತು, ಮುಂದಿನ ವರ್ಷ ಎಲ್ಲಿಗೆ ಮುಟ್ಟುತ್ತದೆ, ಎಲ್ಲ ಸ್ಪಷ್ಟವಾಗಿತ್ತು.

"ಅಚ್ಚುಕಟ್ಟಾಗಿ ಬರ್ದಿದೀಯಮ್ಮ" ಎಂದರು. "ಇದರದ್ದೊಂದು ಪ್ರತಿ ಕೊಡು. ಡಾಕ್ಟರಿಗೆ ತೋರಿಸ್ಬೇಕು."

"ಡಾಕ್ಟರಿಗಾ? ಯಾಕೆ ಸರ್?"

"ನಾನು ಬೇಕೂಂತ ಮಾಡಿದ್ದು ದಿನಕ್ಕೊಂದೇ ಕಣಮ್ಮ."

ಅವಳು ಇಡೀ ನಕ್ಷೆಯನ್ನೇ ಮಡಚಿ ಅವರ ಕೈಗಿಟ್ಟಳು.