ಅಮ್ಮಯಮ್ಮನ ತಿಪ್ಪೆ ಕೆಡಿಸಿದ್ದು

ಮಾಕಳಿದುರ್ಗದ ತಪ್ಪಲಿನ ನಮ್ಮೂರಿನಲ್ಲಿ ಗಂಗಣ್ಣನ ತಿಪ್ಪೆಯನ್ನು ಮೆಚ್ಚಿದವರು ಇವತ್ತಿನವರೆಗೆ ಒಬ್ಬರೇ. ಪರಿಸರ ಉಳಿಸಲು ಬೆಂಗಳೂರಿನಿಂದ ಕಾರಿನಲ್ಲಿ ಒಬ್ಬರೇ ಬಂದ ಕಂಪನಿಯ ಅಂಬರೀಶ್. ಕೊಟ್ಟಿಗೆ ತೊಳೆದ ನೀರೆಲ್ಲ ನಿಂತು, ಸಗಣಿ ಗಂಜಿಯಾಗಿ, ಗುಳ್ಳೆ ಏಳುತ್ತಿದ್ದ ಆ ಗುಂಡಿಯ ಮೇಲೆ ಅವರು ಡಬ್ಬವೊಂದನ್ನು ಬೋರಲು ಹಾಕಿ, ಮೀಟರ್ ನೋಡಿ, "ಎಕ್ಸಲೆಂಟ್ ಸಾರ್!" ಎಂದರು. ಗಂಗಣ್ಣನನ್ನು ಅದುವರೆಗೆ ಯಾರೂ ಸಾರ್ ಎಂದಿರಲಿಲ್ಲ.

ಕಂಪನಿಯ ವಾದ ಸರಳ. ಗಾಳಿಯಾಡದೆ ಕೊಳೆತ ಸಗಣಿಯಿಂದ ಮೀಥೇನ್ ಎಂಬ ಅನಿಲ ಎದ್ದು ಭೂಮಿಯನ್ನು ಕಾಯಿಸುತ್ತದೆ. ಅದೇ ಸಗಣಿಯನ್ನು ಗೋಬರ್ ಗ್ಯಾಸ್ ತೊಟ್ಟಿಗೆ ಹಾಕಿದರೆ ಅನಿಲ ಒಲೆಯಲ್ಲಿ ಉರಿದುಹೋಗುತ್ತದೆ. ಅನಿಲ ಕಮ್ಮಿಯಾದಷ್ಟೂ ಕಂಪನಿಗೆ ದುಡ್ಡು, ಹಾಗಾಗಿ ನಮಗೆ ತೊಟ್ಟಿ, ಪೈಪು, ಒಲೆ ಎಲ್ಲ ಪುಕ್ಕಟೆ.

ಪಕ್ಕದ ಮನೆಯ ಪದ್ಮಶ್ರೀಗೆ ಆ ಒಲೆ ಬೇಕೇ ಬೇಕಿತ್ತು. ಸೌದೆಯ ಹೊಗೆ ಕುಡಿದು ಅವಳ ಎದೆ ಕಟ್ಟಿತ್ತು. ಇನ್ನು ಹೊಗೆ ಮುಂದೆ ಕೂತರೆ ಉಳಿಯುವುದು ಕಷ್ಟ ಎಂದು ದೊಡ್ಡಬಳ್ಳಾಪುರದ ಡಾಕ್ಟರು ಹೇಳಿಬಿಟ್ಟಿದ್ದರು. ಮನೆಯಲ್ಲಿ ಸಿಲಿಂಡರ್ ಇತ್ತು, ಆದರೆ ದುಬಾರಿ ಎಂದು ಅದು ಕಾಫಿಗೆ ಮಾತ್ರ. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ದೊಡ್ಡ ದೊಡ್ಡ ಮಷೀನು ಓಡಿಸುವ ಗಂಡ ನವೀನ್‌ಕುಮಾರ್‌ಗೆ ಒಲೆ ಹಚ್ಚುವ ವಿದ್ಯೆ ಮಾತ್ರ ಒಲಿದಿರಲಿಲ್ಲ.

ಆದರೆ ಆ ಮನೆಯ ತಿಪ್ಪೆ ಅತ್ತೆ ಅಮ್ಮಯಮ್ಮನದು. ಎಂಬತ್ತು ದಾಟಿದ ಮುದುಕಿ ಸಗಣಿಯ ಮೇಲೆ ಒಣ ಎಲೆ, ಅದರ ಮೇಲೆ ಮಣ್ಣು, ಬೂದಿ ಹಾಸಿ, ಆಗಾಗ ತಿರುವಿ ಹಾಕಿಸಿ, ನೆಂಟರು ಬಂದರೆ ಮೊದಲು ತಿಪ್ಪೆ ತೋರಿಸಿ ಆಮೇಲೆ ಒಳಗೆ ಕರೆಯುತ್ತಿದ್ದಳು. ಅಂಬರೀಶರ ಮೀಟರ್ ಅಲ್ಲಿ ಮಿಸುಕಲಿಲ್ಲ.

"ಸಾರಿ ಅಕ್ಕಾ. ನಿಮ್ದು ಆಗ್ಲೇ ಚೆನ್ನಾಗಿದೆ. ಕಮ್ಮಿ ಮಾಡೋಕೆ ಏನೂ ಇಲ್ಲ."

"ಚೆನ್ನಾಗಿಟ್ಕಂಡಿದ್ದೇ ತಪ್ಪಾ ಸಾರ್?" ಎಂದಳು ಪದ್ಮಶ್ರೀ.

"ತಪ್ಪಲ್ಲಕ್ಕಾ, ಸ್ಕೀಮಿಗೆ ಬರಲ್ಲ ಅಷ್ಟೇ. ಮುಂದಿನ ತಿಂಗಳು ಇನ್ನೊಂದ್ಸಲ ಅಳೀತೀವಿ."

ಅಮ್ಮಯಮ್ಮ ವಿಜಯಪುರದ ಮಗಳ ಮನೆಗೆ ಹೋದ ಆ ತಿಂಗಳು ಪದ್ಮಶ್ರೀ ಕೊಟ್ಟಿಗೆಯ ನೀರನ್ನೆಲ್ಲ ತಿಪ್ಪೆಗೆ ತಿರುಗಿಸಿದಳು. ಗಂಗಣ್ಣನೇ ಗುರು. "ಎಲೆ ಗಿಲೆ ಹಾಕ್ಬೇಡ ಕಣಮ್ಮ, ಮುಟ್ಲೇಬೇಡ. ನಾನು ಮೂವತ್ತು ವರ್ಷದಿಂದ ಮುಟ್ಟಿಲ್ಲ" ಎಂದು ತನ್ನ ಸೋಮಾರಿತನವನ್ನೆಲ್ಲ ಧಾರೆ ಎರೆದ. ಮೂರೇ ವಾರದಲ್ಲಿ ಗುಳ್ಳೆ ಎದ್ದಿತು, ಬೀದಿಯೆಲ್ಲ ನಾತ ಹಬ್ಬಿತು. ಮೀಟರ್ ಕುಣಿಯಿತು. ಪದ್ಮಶ್ರೀಯ ಹೆಸರು ಪಟ್ಟಿಗೆ ಸೇರಿತು.

ಒಲೆ ಕೊಡುವ ಸಮಾರಂಭದ ಹಿಂದಿನ ದಿನ ಅಮ್ಮಯಮ್ಮ ಬಸ್ಸಿಳಿದು ಬಂದವಳೇ ಹಿತ್ತಲಿಗೆ ಹೋದಳು. ಸೊಸೆ ಅಳುತ್ತಾ ಎಲ್ಲವನ್ನೂ ಹೇಳಿದಳು. ಮುದುಕಿ ಊಟ ಮಾಡದೆ ಮಲಗಿದಳು.

ಮಾರನೆಯ ದಿನ ಡೇರಿ ಮುಂದೆ ಶಾಮಿಯಾನ ಹಾಕಿದ್ದರು. ಭೂಮಿಯನ್ನು ತಂಪು ಮಾಡಲು ಕಂಪನಿಯಿಂದ ಆರು ಕಾರು ಬಂದಿದ್ದವು. ಅಂಬರೀಶ್ ಪದ್ಮಶ್ರೀಯ ಕೈಗೆ ಮೈಕು ಕೊಟ್ಟು, "ಮೊದಲು ತಿಪ್ಪೆ ಎಷ್ಟು ಕೆಟ್ಟದಾಗಿ ಇಡ್ತಿದ್ರಿ, ಯಾರು ಹಾಗೆ ಕಲಿಸಿದ್ರು, ಹೇಳಿ ಅಕ್ಕಾ. ವಿಡಿಯೋ ಇಲ್ದಿದ್ರೆ ಫೈಲು ಮುಂದಕ್ಕೆ ಹೋಗಲ್ಲ" ಎಂದರು.

ಮುಂದಿನ ಸಾಲಿನಲ್ಲೇ ಅತ್ತೆ ಕೂತಿದ್ದಳು.

"ನಮ್ಮತ್ತೆ ಯಾವತ್ತೂ..." ಎಂದ ಪದ್ಮಶ್ರೀಗೆ ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಬಗ್ಗಿಹೋದಳು.

ಅಮ್ಮಯಮ್ಮ ಕೋಲೂರಿಕೊಂಡು ಎದ್ದು ಬಂದು ಮೈಕು ಕಿತ್ತುಕೊಂಡಳು. "ನಾನೇ ಕಣಪ್ಪ ಕಲ್ಸಿದ್ದು. ಅರವತ್ತು ವರ್ಷ ಆತು ಈ ಮನೆಗೆ ಬಂದು. ಒಂದಿನಾನೂ ನಂಗೆ ತಿಪ್ಪೆ ಹಾಕಾಕೆ ಬರ್ನಿಲ್ಲ. ಬರ್ಕೋ."

ಊರಿಗೆಲ್ಲ ನಿಜ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ, ಪಟ್ಟಿಯಲ್ಲಿ ನನ್ನ ಹೆಸರೂ ಇತ್ತಲ್ಲ. ಅವತ್ತಿನಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ.

ಅಂಬರೀಶ್ ಕ್ಯಾಮೆರಾದವನ ಕಡೆ ನೋಡಿ, ಇತ್ತ ತಿರುಗಿದರು. "ಅಜ್ಜಿ, ಕೆಮ್ಮಿನ ಸದ್ದು ಜಾಸ್ತಿ ಬಂದುಬಿಟ್ಟಿದೆ. ಇನ್ನೊಂದ್ಸಲ ಹೇಳ್ತೀರಾ?"

ಅಮ್ಮಯಮ್ಮ ಸೊಸೆಯನ್ನು ಒಮ್ಮೆ ನೋಡಿದಳು. ಸೆರಗು ಸರಿಮಾಡಿಕೊಂಡು, ಮೊದಲಿಗಿಂತ ಗಟ್ಟಿಯಾಗಿ ಇನ್ನೊಂದು ಸಲ ಹೇಳಿದಳು.